ಗಿಡದ ಡಾಕ್ಟರ ಭೂತಗನ್ನಡಿ

ಪಕ್ಕದ ಮನೆಯ ನಿವೃತ್ತ ಕಾಂಪೌಂಡರ್ ಈಗ ಇಡೀ ಬೀದಿಗೆ ಗಿಡದ ಡಾಕ್ಟರು. ಯಾರ ಮನೆಯಲ್ಲಿ ಎಲೆ ಬಾಡಿದರೂ ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡು ಕರೆಯದಿದ್ದರೂ ಬರುತ್ತಾರೆ; ಎಲೆಯನ್ನು ಕೂಸಿನ ಕಿವಿಯಂತೆ ಮೆಲ್ಲಗೆ ಮಡಚಿ ನೋಡುತ್ತಾರೆ. ಬೈಗುಳವೆಲ್ಲ ಸಾಕಿದವರಿಗೆ. "ನೀರು ಹುಯ್ದು ಹುಯ್ದು ಸಾಯಿಸ್ತೀರಲ್ಲಮ್ಮ, ಇದೇನು ಎಮ್ಮೆನಾ?" ಎನ್ನುವುದು ಅವರ ಕಾಯಂ ತೀರ್ಪು, ಒಣಗಿದ ಪೊರಕೆ ತೋರಿಸಿದರೂ ಅದನ್ನೇ ಹೇಳಿಯಾರು. ಈ ವಸಂತದಲ್ಲಿ ನಮ್ಮತ್ತಿಗೆಯ ಜಪಾನಿ ಮೇಪಲ್ ಮರದ ಹೊಸ ಚಿಗುರು ಸುರುಟಿ ಕೋಳಿಯ ಕಾಲಿನಂತಾಯಿತು. "ಮಗಳು ಹುಟ್ಟಿದ ವಾರ ನೆಟ್ಟಿದ್ದು, ಕಡಿಸಬೇಕಾ ಹೇಳಿಬಿಡಿ" ಎಂದು ಅತ್ತಿಗೆ ತಾವೇ ಅವರನ್ನು ಕರೆದರು. ಡಾಕ್ಟರು ಎಲೆಯಡಿ ಹೇನು ಹುಡುಕಿದರು, ಒಂದೂ ಇಲ್ಲ. ಬೇರಿನ ಮಣ್ಣು ಹಿಚುಕಿದರು, ಹದವಾಗಿತ್ತು. ಸುರುಟಿದ್ದು ಡಾಕ್ಟರ ಮನೆಯ ಗೋಡೆಯ ಕಡೆಯ ಕೊಂಬೆಗಳು ಮಾತ್ರ. ಆ ಗೋಡೆಯಡಿಯ ಗುಲಾಬಿಯೂ ಹಾಗೇ ಮುದುಡಿತ್ತು. ಅವರು ಬಹಳ ಹೊತ್ತು ಭೂತಗನ್ನಡಿ ಒರೆಸಿದರು. ನಾವಿಬ್ಬರೂ ಬೈಸಿಕೊಳ್ಳಲು ಸಿದ್ಧರಾಗಿ ನಿಂತೆವು. "ನಿಮ್ಮ ತಪ್ಪಲ್ಲಮ್ಮ. ಹೋದ ತಿಂಗಳು ಗಾಳಿ ಇದ್ದ ದಿನ ನಾನೇ ಕಳೆ ಸಾಯೋ ಔಷಧಿ ಹೊಡೆದೆ, ಅದು ಈ ಕಡೆ ಹಾರಿದೆ. ಕಡಿಸಬೇಡಿ. ಬದುಕತ್ತೆ ಅನ್ಸತ್ತೆ. ನೆಟ್ಟಗಿನ ಚಿಗುರು ಬರೋವರೆಗೆ ದಿನಾ ಬಂದು ನೋಡ್ಲಾ?" ಎಂದು, ಯಾರನ್ನೂ ಏನೂ ಕೇಳದ ಮನುಷ್ಯ ಕೇಳಿದರು. ಅತ್ತಿಗೆ ಕಣ್ಣೊರೆಸಿಕೊಂಡು, "ಬನ್ನಿ ಡಾಕ್ಟ್ರೇ, ಆ ಔಷಧಿ ಮಾತ್ರ ಬಿಟ್ಟು ಬರಿಗೈಯಲ್ಲಿ ಬನ್ನಿ" ಎಂದರು.