ಹಾರ್ಡ್ ಡಿಸ್ಕ್ ಬೀರುವಿನಲ್ಲಿ, ರಿಪೇರಿ ಅಂಗಡಿಯಲ್ಲಿ

ಕಾರು ಮೂರನೇ ತಿರುವು ದಾಟಿತ್ತು, ನಾನೇ ಮುಂದಿದ್ದೆ. ಇದ್ದಕ್ಕಿದ್ದಂತೆ ಪರದೆ ಕಪ್ಪಾಯಿತು. ಸ್ಪೀಕರಿನಲ್ಲಿ ಒಂದು ಕರ್ಕಶ ಸದ್ದು, ಆಮೇಲೆ ಗೇಮ್ ಮಾಯ. ಆ ವಾರದಲ್ಲಿ ಅದು ಹತ್ತನೇ ಸಲವೋ ಹನ್ನೊಂದನೇ ಸಲವೋ. (ಹೌದು, ಐವತ್ತರ ಹತ್ತಿರ ಬಂದ ಫಿಸಿಕ್ಸ್ ಮೇಷ್ಟ್ರು ಗೇಮ್ ಆಡುತ್ತೇನೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ನಗುವಂಥದ್ದೇನೂ ಇಲ್ಲ.)

ಕಂಪ್ಯೂಟರ್ ಜೋಡಿಸಿಕೊಟ್ಟದ್ದು ಅರಸೀಕೆರೆಯದೇ ಒಂದು ಅಂಗಡಿ. ಅಲ್ಲಿ ಕೆಲಸಕ್ಕಿದ್ದವಳು ಕಣಕಟ್ಟೆಯ ಸವಿತಾ. ಸ್ಕ್ರೂಡ್ರೈವರ್ ಹಿಡಿದರೆ ಕೆಲಸ ಮುಗಿಯುವವರೆಗೆ ತಲೆ ಎತ್ತುವವಳಲ್ಲ. ಕ್ಯಾಬಿನೆಟ್ಟನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಒಯ್ದೆ. ಅದಕ್ಕೂ ಮುಂಚೆ ಹಾರ್ಡ್ ಡಿಸ್ಕ್ ಬಿಚ್ಚಿ ಬೀರುವಿನಲ್ಲಿಟ್ಟೆ. ಅದರಲ್ಲಿ ಮನೆಯವರ ಫೋಟೋಗಳಿವೆ, ಪ್ರಶ್ನೆಪತ್ರಿಕೆಗಳಿವೆ. ಅಂಗಡಿಯವರನ್ನು ಹೇಗೆ ನಂಬುವುದು? ನಮ್ಮೂರಲ್ಲಿ ಬಹಳ ಜನ ಹೀಗೇ ಮಾಡುತ್ತೇವೆ.

"ಸಾರ್, ಕಾರ್ಡ್ ಏನಾದ್ರೂ ಓವರ್‌ಕ್ಲಾಕ್ ಮಾಡಿದ್ರಾ?" ಸವಿತಾ ಕೇಳಿದಳು.

ಓವರ್‌ಕ್ಲಾಕ್ ಎಂದರೆ ಗ್ರಾಫಿಕ್ಸ್ ಕಾರ್ಡನ್ನು ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಜೋರಾಗಿ ಓಡಿಸುವುದು; ಹಾಗೆ ಓಡಿಸಿದರೆ ಅದು ಹೆಚ್ಚು ಬಿಸಿಯಾಗುತ್ತದೆ. ಸಂಕ್ರಾಂತಿ ರಜೆಯಲ್ಲಿ ಯಾವುದೋ ವಿಡಿಯೋ ನೋಡಿ, ಒಂದು ಸಾಫ್ಟ್‌ವೇರ್ ಹಾಕಿಕೊಂಡು ನಾನೇ ಮಾಡಿದ್ದೆ. ಆದರೆ ಅಂಗಡಿಯಲ್ಲಿ ಮಾಲೀಕರಿದ್ದರು, ನನ್ನ ವಿದ್ಯಾರ್ಥಿಗಳ ಅಪ್ಪಂದಿರಿಬ್ಬರಿದ್ದರು.

"ನಾನೇನು ಮಕ್ಕಳಾಟ ಆಡ್ತೀನೇನಮ್ಮಾ? ಏನೂ ಮುಟ್ಟಿಲ್ಲ" ಎಂದೆ.

ಮರೆತಿದ್ದೆ ಎಂದು ಬರೆದರೆ ನೀವು ನಂಬುತ್ತೀರಿ. ಮರೆತಿರಲಿಲ್ಲ. ಎರಡು ತಿಂಗಳು ಚೆನ್ನಾಗಿ ಓಡಿದ್ದು ಈಗೇಕೆ ಕೈಕೊಡುತ್ತದೆ ಎಂಬುದು ನನ್ನ ವಾದ. (ನಡುವೆ ಚಳಿ ಹೋಗಿ ಬಿಸಿಲು ಏರಿದ್ದು ಫಿಸಿಕ್ಸ್ ಮೇಷ್ಟ್ರಿಗೆ ಹೊಳೆಯಲಿಲ್ಲ.) ಡಾಕ್ಟರ ಹತ್ತಿರ ಸಿಹಿ ಮುಟ್ಟೇ ಇಲ್ಲ ಅನ್ನುತ್ತೇವೆ, ಮೆಕ್ಯಾನಿಕ್ಕಿನ ಹತ್ತಿರ ಗಾಡಿ ಬಿದ್ದೇ ಇಲ್ಲ ಅನ್ನುತ್ತೇವೆ. ಆಮೇಲೆ ಸರಿಹೋಗದಿದ್ದರೆ ಬೈಯುವುದು ಯಾರನ್ನು?

ಸವಿತಾ ಅಂಗಡಿಯ ಡಿಸ್ಕ್ ಹಾಕಿ, ಅದೇ ಗೇಮ್ ಇಳಿಸಿಕೊಂಡು ಇಡೀ ದಿನ ಓಡಿಸಿದಳು. ಒಮ್ಮೆಯೂ ನಿಲ್ಲಲಿಲ್ಲ. ಹೇಗೆ ನಿಂತೀತು? ವೇಗ ಹೆಚ್ಚಿಸುವ ಸಾಫ್ಟ್‌ವೇರ್ ನನ್ನ ಬೀರುವಿನಲ್ಲಿತ್ತು. ಮನೆಗೆ ತಂದು ನನ್ನ ಡಿಸ್ಕ್ ಸಿಕ್ಕಿಸಿದೆ, ಹತ್ತು ನಿಮಿಷಕ್ಕೆ ಪರದೆ ಕಪ್ಪು. ಮತ್ತೆ ಒಯ್ದೆ. ಪವರ್ ಸಪ್ಲೈ ಬದಲಾಯಿಸಿ ನೋಡಿದಳು. "ನಿಮ್ ಡಿಸ್ಕ್ ತಂದ್ಕೊಡಿ ಸಾರ್, ನಿಮ್ ಎದುರ್ಗೇ ನೋಡ್ತೀನಿ" ಎಂದಳು. ಕೊಡಲಿಲ್ಲ.

ಮೂರನೇ ಸಲ ಹೋದಾಗ ಸಿಟ್ಟು ನೆತ್ತಿಗೇರಿತ್ತು. ಅಂಗಡಿ ತುಂಬ ಜನ. "ಹೆಣ್ಣುಮಕ್ಕಳ ಕೈಲಿ ಮೆಷಿನ್ ಬಿಚ್ಚಿಸಿದ್ರೆ ಇನ್ನೇನ್ರೀ ಆಗುತ್ತೆ?" ಎಂದು ಮಾಲೀಕರ ಮೇಲೆ ಕೂಗಾಡಿದೆ. ಇಪ್ಪತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಬಾಯಿ ಇದು. ಸವಿತಾ ಸ್ಕ್ರೂಗಳನ್ನೆಲ್ಲ ಆಯ್ದು ಡಬ್ಬಿಗೆ ಹಾಕಿದಳು. ನಾಳೆಯಿಂದ ಬರಬೇಡ ಎಂದು ಮಾಲೀಕರು ಅವತ್ತು ಸಂಜೆಯೇ ಹೇಳಿದರಂತೆ.

ಹೋದ ಭಾನುವಾರ ಮಧ್ಯಾಹ್ನ, ಕಡೆಯ ಪ್ರಯತ್ನ ಎಂದುಕೊಂಡು ಆ ಸಾಫ್ಟ್‌ವೇರ್ ತೆರೆದು ರೀಸೆಟ್ ಒತ್ತಿದೆ. ಊಟ ಮುಗಿಸಿ ಕೂತವನು ಸಂಜೆ ಕಾಫಿಯವರೆಗೆ ಆಡಿದೆ. ಕಾರು ಎಲ್ಲೂ ನಿಲ್ಲಲಿಲ್ಲ. ಗೆದ್ದೆ ಕೂಡ. ಗೆದ್ದ ಕೂಡಲೇ ಕಂಪ್ಯೂಟರ್ ಆರಿಸಿ ಎದ್ದುಬಿಟ್ಟೆ.

ಸೋಮವಾರ ಮಾಲೀಕರನ್ನು ಪಕ್ಕಕ್ಕೆ ಕರೆದು ಇದ್ದದ್ದನ್ನು ಹೇಳಿ, ಅವಳನ್ನು ವಾಪಸ್ ಕರೆಸಿ ಎಂದು ಬೇಡಿಕೊಂಡೆ. "ಹೋಗ್ಲಿ ಬಿಡಿ ಮೇಷ್ಟ್ರೇ, ಆಗ್ಲೇ ಇನ್ನೊಬ್ನು ಬಂದವ್ನೆ. ಆ ಹುಡ್ಗಿ ಬೇಲೂರಲ್ಲಿ ಜೆರಾಕ್ಸ್ ಅಂಗ್ಡೀಲಿ ಅವ್ಳೆ" ಎಂದರು, ಏನೂ ಆಗಿಲ್ಲವೆಂಬಂತೆ.

ಬಸ್ಸು ಹತ್ತಿ ಬೇಲೂರಿಗೆ ಹೋದೆ. ಸವಿತಾ ಯಾರದೋ ಆಧಾರ್ ಕಾರ್ಡ್ ಜೆರಾಕ್ಸ್ ಮಾಡುತ್ತಿದ್ದಳು. ಗಿರಾಕಿಗಳೆಲ್ಲ ಹೋಗುವವರೆಗೆ ಎದುರಿನ ಬೇಕರಿಯಲ್ಲಿ ಕಾದು, ಆಮೇಲೆ ಒಳಗೆ ಹೋದೆ. ಸುಳ್ಳು ನನ್ನದು, ತಪ್ಪು ನನ್ನದು, ಕ್ಷಮಿಸಮ್ಮ ಎಂದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಅವಳು ಸ್ಟೂಲ್ ಎಳೆದು ಕೊಟ್ಟಳು. "ಓವರ್‌ಕ್ಲಾಕೇ ಇರ್ಬೇಕು ಅಂತ ನಂಗೆ ಮೊದ್ಲೇ ಅನ್ಸಿತ್ತು ಸಾರ್. ಮೇಷ್ಟ್ರು ಸುಳ್ಳು ಹೇಳ್ತಾರಾ ಅಂತ ಸುಮ್ನಾದೆ" ಎಂದಳು. ನಾನು ಕೂರಲಿಲ್ಲ. ಕೂರುವ ಮುಖ ಎಲ್ಲಿತ್ತು?

ಅವಳು ಬೇಕರಿಯ ಕಡೆ ಒಮ್ಮೆ ನೋಡಿ ಕೇಳಿದಳು: "ಬೈಯೋವಾಗ ಅಂಗ್ಡಿ ತುಂಬ ಜನ ಇದ್ರಲ್ಲ ಸಾರ್, ಇವತ್ತು ಯಾಕೆ ಎಲ್ರೂ ಹೋಗ್ಲಿ ಅಂತ ಕಾದ್ರಿ?"