ಮೂರು ಕಪ್ ಸಕ್ಕರೆಯ ಕೇಕು

ಮೊನ್ನೆ ಅಂಗಡಿಗೆ ಹೋದವನು ಅಮೆರಿಕದ ತಿಂಡಿಗಳ ಕಪಾಟಿನ ಮುಂದೆ ನಿಂತೆ. ಕೇಕಿಗೆ ಬಳಿಯುವ ಬಿಳಿ ಕ್ರೀಮಿನ ಡಬ್ಬಿ ಅಲ್ಲಿತ್ತು. ನೋಡಿದ್ದಷ್ಟೇ, ಹಲ್ಲು ಜುಮ್ಮೆಂದಿತು. ಅದರ ಹಿಂದೆಯೇ ನಾಚಿಕೆಯೂ ಬಂತು. ಸಕ್ಕರೆ ಕಂಡು ನಾಚುವ ಗಂಡಸು ಎಂದು ನಗಬೇಡಿ, ಸ್ವಲ್ಪ ಕೇಳಿ.

ಎರಡು ಸಾವಿರದ ಐದರ ಸುಮಾರಿಗೆ ನಾವು ಸ್ವೀಡನ್ನಿನ ಲಿಂಕೋಪಿಂಗಿಗೆ ಬಂದೆವು. ಅದಕ್ಕೂ ಮುಂಚೆ ಮೂರು ವರ್ಷ ಅಮೆರಿಕದಲ್ಲಿದ್ದೆವು. ಅಲ್ಲಿ ಬ್ರೆಡ್ಡಿಗೂ ಸಕ್ಕರೆ, ಟೊಮೆಟೊ ಸಾಸಿಗೂ ಸಕ್ಕರೆ. ಮೊದಮೊದಲು ಮುಖ ಕಿವಿಚಿದ ನಾವು ವರ್ಷ ತುಂಬುವುದರೊಳಗೆ, ಊರಿಂದ ಬಂದ ಮೈಸೂರುಪಾಕು ಸಪ್ಪೆ ಎನ್ನುವಷ್ಟು ಪಳಗಿದ್ದೆವು. ನನ್ನ ಹೆಂಡತಿ ಶಾಹಿನಾ ಪಕ್ಕದ ಮನೆಯ ಅಜ್ಜಿಯಿಂದ ಒಂದು ಕೇಕು ಕಲಿತಿದ್ದಳು. ಎರಡು ಕಪ್ ಮೈದಾ. ಒಳಗೂ ಮೇಲೂ ಸೇರಿ ಮೂರು ಕಪ್ ಸಕ್ಕರೆ.

ಇಲ್ಲಿನ ಆಫೀಸುಗಳಲ್ಲಿ ಫೀಕಾ ಎಂಬ ಕಾಫಿಯ ಹೊತ್ತು ಇದೆ. ಸರದಿಯ ಮೇಲೆ ಒಬ್ಬೊಬ್ಬರು ತಿನಿಸು ತರಬೇಕು. ನನ್ನ ಸರದಿಗೆ ಶಾಹಿನಾಳ ಕೇಕು ಹೋಯಿತು. ತಟ್ಟೆಯಲ್ಲಿ ಉಳಿದ ಕೊನೆಯ ತುಂಡಿಗೆ ಇಲ್ಲಿ ಯಾರೂ ಕೈ ಹಾಕುವುದಿಲ್ಲ, ಸಂಕೋಚ. ನಮ್ಮ ಕೇಕಿಗೆ ಆ ಸಂಕೋಚ ಎರಡನೆಯ ತುಂಡಿನಿಂದಲೇ ಶುರುವಾಯಿತು. "ತುಂಬಾ... ವಿಶೇಷವಾಗಿದೆ," ಎಂದ ಮ್ಯಾನೇಜರ್ ಎರಡು ಲೋಟ ನೀರು ಕುಡಿದ. ಸಂಜೆ ಕೇಕನ್ನು ಬಸ್ ಸ್ಟಾಪಿನ ಕಸದ ಡಬ್ಬಿಗೆ ಸುರಿದೆ. "ಒಂದು ಚೂರೂ ಉಳೀಲಿಲ್ಲ ಶಾಹಿನಾ!" ಎಂದು ಮನೆಯಲ್ಲಿ ಹೇಳಿದೆ. ಅವಳ ಮುಖ ಅರಳಿತು. ಆ ಮುಖ ನೋಡುವ ಆಸೆಗೆ ಮುಂದಿನ ಸರದಿಗಳಲ್ಲೂ ಅದನ್ನೇ ಹೇಳಿದೆ.

ಆ ಧೈರ್ಯದ ಮೇಲೆ ಅವಳು ಒಂದು ದಿನ ಕೇಕು ಮಾಡಿಕೊಂಡು, ಪುಟ್ಟ ಮಗಳನ್ನೂ ಎತ್ತಿಕೊಂಡು ನಗರಸಭೆಯ ಆಟದ ಮನೆಗೆ ಹೋದಳು. ತಾಯಂದಿರು ಮಕ್ಕಳ ಜೊತೆ ಬಂದು ಕೂರುವ ಜಾಗ ಅದು. ಈ ಊರಲ್ಲಿ ಅವಳಿಗೊಬ್ಬಳು ಗೆಳತಿ ಸಿಗುವುದಿದ್ದರೆ ಅಲ್ಲೇ ಸಿಗಬೇಕಿತ್ತು. ಒಂದೇ ತುಂಡು ಕೊಯ್ದಿದ್ದ ಕೇಕು ಮನೆಗೆ ವಾಪಸು ಬಂತು.

"ನಿಮ್ಮ ಆಫೀಸಲ್ಲಿ ಅಷ್ಟು ಇಷ್ಟಪಟ್ಟು ತಿಂತಾರಲ್ಲ, ಇವರ್ಯಾಕೆ ಮುಟ್ಲಿಲ್ಲ?" ಎಂದು ಕೇಳಿದಳು.

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ನಾನು ಹೇಳಿದ್ದೇ ಬೇರೆ. "ಕೆಲವರು ಹಾಗೇನೇ. ಸ್ಕಾರ್ಫ್ ಕಟ್ಟಿದೋರ ಕೈಯಿಂದ ತಿನ್ನೋಕೆ ಮನಸ್ಸು ಬರಲ್ಲ."

ನನ್ನ ಸುಳ್ಳನ್ನು ಉಳಿಸಿಕೊಳ್ಳಲು, ನಾನು ಮುಖವನ್ನೂ ನೋಡಿರದ ಹೆಂಗಸರ ತಲೆಗೆ ಅಂಥ ಮಾತನ್ನು ಕಟ್ಟಿದೆ. ಶಾಹಿನಾ ಮತ್ತೆ ಅಲ್ಲಿಗೆ ಹೋಗಲಿಲ್ಲ. ಎರಡು ಚಳಿಗಾಲ ಮಗಳ ಜೊತೆ ಮನೆಯೊಳಗೇ ಕಳೆದಳು. ನಾನು ನೋಡುತ್ತಲೇ ಇದ್ದೆ.

ಮೊನ್ನೆ ಮನೆಗೆ ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾಳೆ, ಆಮೇಲೆ ನಗುತ್ತಾಳೆ ಎಂದುಕೊಂಡಿದ್ದೆ, ಅಷ್ಟು ವರ್ಷವಾಯಿತಲ್ಲ. ಅವಳು ಒಲೆ ಆರಿಸಿ ನನ್ನ ಕಡೆ ತಿರುಗಿದಳು.

"ಸಕ್ಕರೆ ಜಾಸ್ತಿ ಅಂತ ಹೇಳಿದ್ರೆ ಕಮ್ಮಿ ಹಾಕ್ತಿದ್ದೆ," ಎಂದಳು. "ನೀವು, ಅವರಿಗೆ ನಾನೇ ಬೇಡ ಅಂತ ಹೇಳಿದ್ರಿ."