ಅತ್ತೆಯನ್ನು ಸಾಯಿಸಲಾರದ ಧಣಿ

ನಮ್ಮ ಧಣಿಗಳಷ್ಟು ಜನರನ್ನು ಕೊಂದ ಸೇನಾಪತಿ ಯಾವ ಯುದ್ಧದಲ್ಲೂ ಸಿಗಲಾರ. ಮಾವಂದಿರನ್ನು ಹೃದಯಾಘಾತದಿಂದ, ಗಂಡಂದಿರನ್ನು ಕಾರು ಅಪಘಾತದಿಂದ, ಅವಳಿ ಸೋದರಿಯರಲ್ಲಿ ಒಳ್ಳೆಯವಳನ್ನು ಸೇತುವೆಯಿಂದ ತಳ್ಳಿ ಕೊಂದರು. ಕೆಲವರನ್ನು ಕೊಂದು, ವೀಕ್ಷಕರು ಮುನಿಸಿಕೊಂಡಾಗ ಬದುಕಿಸಿ, ಮುನಿಸು ಇಳಿದ ಮೇಲೆ ಮತ್ತೆ ಕೊಂದದ್ದೂ ಉಂಟು. ಮನೆಯಲ್ಲಿ ಫ್ಯಾನಿನ ವೇಗ ಬದಲಿಸುವ ಅಧಿಕಾರವಿಲ್ಲದ ಮನುಷ್ಯ, ಸೆಟ್ಟಿಗೆ ಕಾಲಿಟ್ಟರೆ ಸಾಕ್ಷಾತ್ ಬ್ರಹ್ಮ.

ಈ ಎತ್ತರಕ್ಕೆ ಅವರು ಏರಿದ್ದು ಸೋಫಾದ ಮೂಲಕ. ಹರೆಯದಲ್ಲಿ ನಾಟಕದವರಿಗೆ ಕುರ್ಚಿ ಮೇಜು ಬಾಡಿಗೆಗೆ ಕೊಡುತ್ತಿದ್ದರು. ಕುರ್ಚಿಗಳ ಬೆನ್ನು ಹಿಡಿದೇ ಟೀವಿ ಸ್ಟುಡಿಯೋ ಹೊಕ್ಕರು. ದೊಡ್ಡ ಸೋಫಾ ಒಂದನ್ನು ಒದಗಿಸಿದರು. ಸೋಫಾ ಇದ್ದ ಮೇಲೆ ಅದರ ಮೇಲೆ ಕೂತು ಅಳುವುದಕ್ಕೆ ಒಂದು ಸಂಸಾರವೂ ಇರಲಿ ಎಂದು ತಾವೇ ಧಾರಾವಾಹಿ ಶುರುಮಾಡಿದರು. ಊರಿಗೆ ಊರೇ ಅಳತೊಡಗಿತು. ಅಳದಿದ್ದವರು ಒಬ್ಬರೇ, ಅವರ ಹೆಂಡತಿ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಆಕೆಗೆ ಆ ಕಥೆಗಳಲ್ಲಿ ಯಾವುದೂ ತಾಳೆಯಾಗುತ್ತಿರಲಿಲ್ಲ. ಸತ್ತರೂ ನಿಮ್ಮ ಸೆಟ್ಟಿಗೆ ಕಾಲಿಡುವುದಿಲ್ಲ ಎಂದು ಮದುವೆಯಾದ ಹೊಸದರಲ್ಲೇ ಘೋಷಿಸಿಬಿಟ್ಟಿದ್ದರು.

ಧಣಿಗಳ ಕೊಲ್ಲುವ ಪದ್ಧತಿ ಬಹಳ ಸೌಮ್ಯವಾದದ್ದು. ಯಾರ ಪಾತ್ರ ಮುಗಿಯಬೇಕೋ ಅವರಿಗೆ ತಾವೇ ಟೀ ತೆಗೆದುಕೊಂಡು ಹೋಗಿ ಕೊಡುತ್ತಿದ್ದರು. ಬಾಯಲ್ಲಿ ಹೇಳಲು ಅವರಿಗೆ ಸಂಕೋಚ. ಹಾಗಾಗಿ ಧಣಿಗಳು ಲೋಟ ಹಿಡಿದು ಬಂದರೆ ಸೆಟ್ಟಿನ ಮಹಾನ್ ಖಳನಾಯಕರೂ ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಅತ್ತೆಯವರು ಈ ಸಾಮ್ರಾಜ್ಯಕ್ಕೆ ಬಂದದ್ದು ಊಟದ ಡಬ್ಬಿ ಹಿಡಿದುಕೊಂಡು. ಮಗಳ ಮನೆಯಲ್ಲೇ ಇದ್ದ ಅವರು ಅಳಿಯನಿಗೆ ಬುತ್ತಿ ತಂದ ದಿನವೇ ಅಜ್ಜಿಯ ಪಾತ್ರದಾಕೆ ಮುನಿಸಿಕೊಂಡು ಹೊರಟುಹೋಗಿದ್ದಳು. ಸುಮ್ಮನೆ ಕೂತಿದ್ದು ಹೂಂ ಅಂದರೆ ಸಾಕು ಎಂದು ನಿರ್ದೇಶಕ ಅತ್ತೆಯವರನ್ನು ಕೂರಿಸಿದ. ದುಷ್ಟ ಸೊಸೆ ಹಾಲಿಗೆ ವಿಷ ಬೆರೆಸುವುದನ್ನು ಕಂಡ ಅತ್ತೆಯವರು ಹೂಂ ಅನ್ನಲಿಲ್ಲ. ಎದ್ದು ಹೋಗಿ ಲೋಟ ಕಿತ್ತುಕೊಂಡು ಅವಳ ಜನ್ಮ ಜಾಲಾಡಿದರು. ಆ ದೃಶ್ಯವನ್ನು ಹಾಗೆಯೇ ಪ್ರಸಾರ ಮಾಡಿಬಿಟ್ಟರು. ಮರುದಿನದಿಂದ ಅವರು ಊರಿಗೇ ಅಜ್ಜಿ.

ವರ್ಷಗಳು ಚೆನ್ನಾಗಿಯೇ ಹೋದವು. ಆಮೇಲೆ ಅತ್ತೆಯವರು ಮಾತು ಮರೆಯತೊಡಗಿದರು. ಸೋಫಾದ ಹಿಂದೆ ಕೂತು ಒಬ್ಬ ಮಾತು ಹೇಳಿಕೊಡುತ್ತಿದ್ದ. ಇವರು ಕ್ಯಾಮೆರಾದ ಎದುರೇ ಹಿಂದೆ ತಿರುಗಿ, ಗೊತ್ತಪ್ಪ, ಸ್ವಲ್ಪ ತಡಿ ಎನ್ನುತ್ತಿದ್ದರು. ಎಲ್ಲರೂ ನಕ್ಕರು. ಮನೆಯಲ್ಲಿ ಮಾತ್ರ ನಗು ಬೇಗ ನಿಂತಿತು. ಒಂದು ಬೆಳಿಗ್ಗೆ ತಲೆ ಬಾಚುತ್ತಿದ್ದ ಮಗಳ ಕೈ ಹಿಡಿದು ಅವರು ಹೇಳಿದರು: "ನಿಮ್ಮನೆ ಚೆನ್ನಾಗಿದೆಯಮ್ಮ. ಆದ್ರೆ ನಮ್ಮನೆಯವರು ಕಾಯ್ತಿರ್ತಾರೆ. ಕಾರು ಬಂದಿದೆಯಾ ನೋಡು."

ನಮ್ಮನೆ ಎಂದರೆ ಸೆಟ್ಟು. ವಿಚಿತ್ರವೇನೆಂದರೆ ಅಲ್ಲಿ ದೀಪಗಳು ಹೊತ್ತಿಕೊಂಡೊಡನೆ ಅತ್ತೆಯವರಿಗೆ, ಬರೆದುಕೊಟ್ಟ ಮಾತು ಮರೆತರೂ, ಆ ಮನೆಯದೆಲ್ಲವೂ ನೆನಪಾಗುತ್ತಿತ್ತು. ಯಾವ ಸೊಸೆ ಯಾರ ಮೇಲೆ ಹಲ್ಲು ಮಸೆಯುತ್ತಿದ್ದಾಳೆ, ಯಾರ ಮಗು ನಿಜವಾಗಿ ಯಾರದು, ಇದನ್ನೆಲ್ಲ ನಿರ್ದೇಶಕನೇ ಅವರನ್ನು ಕೇಳಿ ತಿಳಿಯಬೇಕಾಗಿತ್ತು. ಹೆತ್ತ ಮಗಳೊಬ್ಬಳು ಮಾತ್ರ ಅವರ ತಲೆಯಿಂದ ಜಾರಿಹೋಗಿದ್ದಳು. ಆ ಮಗಳೇ ಒಂದು ದಿನ ಧಣಿಗಳ ಮುಂದೆ ತಟ್ಟೆ ಇಟ್ಟು ಎದುರು ಕೂತರು.

"ರೀ, ನನಗೊಂದು ಪಾರ್ಟು ಕೊಡಿ."

ಧಣಿಗಳು ಎತ್ತಿದ ತುತ್ತನ್ನು ತಟ್ಟೆಯಲ್ಲೇ ಇಟ್ಟರು.

"ನಗಬೇಡಿ. ಅಮ್ಮನಿಗೆ ಆ ಮನೆಯವರೆಲ್ಲ ಗೊತ್ತು. ನನ್ನನ್ನೂ ಆ ಮನೆಗೆ ಸೇರಿಸಿ. ಅಲ್ಲಾದರೂ ನಾನು ಯಾರು ಅಂತ ಗೊತ್ತಾಗಬಹುದು."

ಧಣಿಗಳು ನಗುತ್ತಿರಲಿಲ್ಲ. ಚಾನೆಲ್ಲಿನ ಮೇಡಂ, ನಮ್ಮ ವಯಸ್ಸಿಗೆ ಮಗಳಾಗಬೇಕಾದವರು, ಆಗಲೇ ಫರ್ಮಾನು ಹೊರಡಿಸಿದ್ದರು: ಅಜ್ಜಿ ತಡವರಿಸುತ್ತಾರೆ, ಮುಗಿಸಿ. ಧಣಿಗಳು ಅಜ್ಜಿಯನ್ನು ಪ್ರವಾಸಕ್ಕೆ ಕಳಿಸಿ ನೋಡಿದ್ದರು. ಕೋಮಾದಲ್ಲಿ ಮಲಗಿಸಿಯೂ ನೋಡಿದ್ದರು. ಕೋಮಾದಲ್ಲಿದ್ದ ಅಜ್ಜಿ, ಸೊಸೆ ಸುಳ್ಳು ಹೇಳಿದಾಗಲೆಲ್ಲ ಥೂ ಎನ್ನುತ್ತಿದ್ದರು. ಇನ್ನು ದಾರಿಯಿರಲಿಲ್ಲ. ಈಗ ಧಣಿಗಳು ಆ ಮೇಡಂ ಜೊತೆ ಚೌಕಾಸಿಗೆ ಕೂತರು. ಕಳೆದುಹೋಗಿದ್ದ ಮಗಳು ತಿರುಗಿ ಬರುತ್ತಾಳೆ, ಅಜ್ಜಿ ಗುರುತಿಸುತ್ತಾರೆ, ಮುಂದಿನ ವಾರ ಕಣ್ಣು ಮುಚ್ಚುತ್ತಾರೆ. ಮೇಡಂ ಒಪ್ಪಿದರು. ಸಾಯುವ ವಿಷಯವನ್ನು ಧಣಿಗಳು ಹೆಂಡತಿಗೆ ಹೇಳಲಿಲ್ಲ.

ಚಿತ್ರೀಕರಣದ ದಿನ ಗಣಿತದ ಮೇಡಂ ಬಣ್ಣ ಹಚ್ಚಿಕೊಂಡು, ಪರೀಕ್ಷೆಗೆ ಬಂದ ಹುಡುಗಿಯಂತೆ ಕೈ ಒರೆಸಿಕೊಳ್ಳುತ್ತ ಸುಳ್ಳು ಮನೆಯ ಸುಳ್ಳು ಬಾಗಿಲ ಹಿಂದೆ ನಿಂತರು. ದೀಪಗಳು ಹೊತ್ತಿಕೊಂಡವು. ಒಳಗೆ ಬಂದು, ಅಮ್ಮಾ, ನಾನು ಯಾರು ಗೊತ್ತಾಯ್ತಾ ಎಂದು ಬರೆದುಕೊಟ್ಟ ಮಾತನ್ನೇ ಕೇಳಿದರು. ಸೋಫಾದ ಹಿಂದಿದ್ದವನು ಬಾಯಿ ತೆರೆಯುವ ಮೊದಲೇ ಅತ್ತೆಯವರು ಎರಡೂ ಕೈ ಚಾಚಿದರು.

"ಗೊತ್ತಾಗದೆ ಏನು? ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ, ಕಡ್ಡಿ?"

ಕಡ್ಡಿ ಎಂದು ಯಾರೂ ಬರೆದಿರಲಿಲ್ಲ. ಚಿಕ್ಕಂದಿನಲ್ಲಿ ಸೊರಗಿದ್ದ ಆಕೆಯನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು ಅದು. ಮದುವೆಯಾದ ಮೇಲೆ ಯಾರೂ ಹಾಗೆ ಕರೆದಿರಲಿಲ್ಲ. ಆಕೆ ಅಮ್ಮನ ಮಡಿಲಿಗೆ ಕುಸಿದರು. ನಿರ್ದೇಶಕ ಕಟ್ ಎಂದ. ದೀಪ ಆರಿತು. ಅತ್ತೆಯವರು ಮಡಿಲಲ್ಲಿದ್ದ ತಲೆಯನ್ನು ನೋಡಿ ಪಕ್ಕದವರಿಗೆ ಮೆಚ್ಚುಗೆಯಿಂದ ಹೇಳಿದರು: "ಈಕೆ ಚೆನ್ನಾಗಿ ಅಳ್ತಾಳೆ. ಹೊಸಬಳಾ?"

ಮುಖದ ಬಣ್ಣ ಒರೆಸಿಕೊಂಡ ಹೆಂಡತಿ ಧಣಿಗಳ ಬಳಿ ಬಂದು ಕೇಳಿದ್ದು ಇಷ್ಟೇ: "ನಾಳೆ ನನ್ನ ಸೀನು ಇದೆಯಾ?"

ಅಲ್ಲೇ ಪಕ್ಕದ ಕೋಣೆಯಲ್ಲಿ ಅಜ್ಜಿಯ ಸಾವಿನ ಮಂಚ ಸಿದ್ಧವಾಗುತ್ತಿತ್ತು. ಧಣಿಗಳು ಟೀ ತರಿಸಿದರು. ಲೋಟ ಕೈಗೆತ್ತಿಕೊಂಡು ಅತ್ತೆಯವರ ಕಡೆ ನಡೆದರು. ಅವರ ಎದುರು ನಿಂತು, ಆ ಸಾವಿನ ಸರದಾರರು ಟೀಯನ್ನು ತಾವೇ ಗಟಗಟ ಕುಡಿದು, ಮಂಚ ಬಿಚ್ಚಿ ಎಂದರು.

ಆಮೇಲೆ ನಡೆದದ್ದು ಧಾರಾವಾಹಿಗಳ ಇತಿಹಾಸದಲ್ಲೇ ಅತಿ ನೀರಸವಾದ ಕಥೆ. ತಾಯಿ ಮಗಳು ಕೂತು ಮಾತಾಡುತ್ತಾರೆ. ಮಗಳು ತಾಯಿಯ ಉಗುರು ಕತ್ತರಿಸುತ್ತಾಳೆ. ವಿಷವಿಲ್ಲ, ವಿಲನ್ನಿಲ್ಲ. ಹೆಂಡತಿ ಶಾಲೆಗೆ ರಜೆ ಹಾಕಿ ಪ್ರತಿದಿನ ಬಂದರು, ಪ್ರತಿದಿನ ಮಗಳಾದರು. ನೋಡುವವರು ಒಬ್ಬೊಬ್ಬರಾಗಿ ಬೇರೆ ಚಾನೆಲ್ಲಿಗೆ ಕಣ್ಣೀರು ಹುಡುಕಿಕೊಂಡು ಹೋದರು. ಚಾನೆಲ್ಲಿನವರು ಎಚ್ಚರಿಸಿದರು, ಆಮೇಲೆ ಧಾರಾವಾಹಿಯನ್ನೇ ಕಿತ್ತುಕೊಂಡು ಬೇರೊಬ್ಬನಿಗೆ ಕೊಟ್ಟರು. ಅವನು ಅಜ್ಜಿಯನ್ನು ಫೋನಿನಲ್ಲೇ ಮುಗಿಸಿದ. ಹಲೋ, ಏನು, ಅಜ್ಜಿ ಹೋಗಿಬಿಟ್ರಾ? ಅಷ್ಟೇ. ಧಣಿಗಳಿಗೆ ಆಮೇಲೆ ಯಾರೂ ಕೆಲಸ ಕೊಡಲಿಲ್ಲ. ಅತ್ತೆಯನ್ನು ಕೊಲ್ಲಲಾಗದವನು ಎಂಥ ನಿರ್ಮಾಪಕ ಎಂದು ಸ್ಟುಡಿಯೋದವರು ನಕ್ಕರು.

ಅತ್ತೆಯವರು ದಿನಾ ಬೆಳಿಗ್ಗೆ ಕೈಚೀಲ ಹಿಡಿದು ಬಾಗಿಲಲ್ಲಿ ಕೂತು ಕಾರಿಗೆ ಕಾಯತೊಡಗಿದರು. ಹೆಂಡತಿ ಮನೆಯಲ್ಲೇ ಪ್ರಯತ್ನಿಸಿದರು. ಹೊರಗೆ ಹೋಗಿ, ಒಳಗೆ ಬಂದು, ಅದೇ ಮಾತು ಕೇಳಿದರು. ಅತ್ತೆಯವರು ಸುತ್ತ ನೋಡಿ, "ಲೈಟೇ ಹಾಕಿಲ್ಲವಲ್ಲಮ್ಮ, ಈಗಲೇ ಯಾಕೆ ಶುರುಮಾಡಿದೆ?" ಎಂದರು.

ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಧಣಿಗಳು ಎದ್ದರು. ಮೇಜಿನ ದೀಪವನ್ನು ಹೊತ್ತಿಸಿ ತಲೆಯ ಮೇಲೆ ಎತ್ತಿ ಹಿಡಿದರು. ಹೆಂಡತಿ ಮತ್ತೆ ಹೊರಗೆ ಹೋಗಿ ಬಾಗಿಲಲ್ಲಿ ನಿಂತರು.

"ಅವಳ ಮುಖ ಕಾಣ್ತಿಲ್ಲಪ್ಪ," ಎಂದರು ಅತ್ತೆಯವರು. "ಇನ್ನೂ ಸ್ವಲ್ಪ ಮೇಲೆ."

ಧಣಿಗಳು ತುದಿಗಾಲಲ್ಲಿ ನಿಂತು ದೀಪವನ್ನು ಇನ್ನಷ್ಟು ಎತ್ತಿದರು.